ಪಟಾಕಿ ಇಳಿಸುವುದರಿಂದ ಹಚ್ಚಿ ನೋಡುವವರೆಗೆ: ಕಲಬುರಗಿ ಕಡೆಯ ಅಂಗಡಿಯವರಿಗೆ, ಜಾತ್ರೆ ಕಮಿಟಿಯವರಿಗೆ ಸುರಕ್ಷತೆಯ ಮಾರ್ಗದರ್ಶಿ

"ಅಣ್ಣಾ, ಒಂದು ಹಚ್ಚಿ ತೋರಸ್ರಿ, ಆಮ್ಯಾಲ ತಗೋತೀನಿ."

ದೀಪಾವಳಿ ಹೊತ್ತಿಗೆ ಕಲಬುರಗಿಯ ಯಾವ ಪಟಾಕಿ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಗಿರಾಕಿ ಕೇಳುವುದರಲ್ಲಿ ತಪ್ಪಿಲ್ಲ. ದುಡ್ಡು ಕೊಡುವವರಿಗೆ ಮಾಲು ಹೇಗಿದೆ ಅಂತ ಗೊತ್ತಾಗಬೇಕಲ್ವಾ? ಆದರೆ ಅಂಗಡಿ ಮುಂದೆ ಹಚ್ಚುವ ಹಾಗಿಲ್ಲ. ಹಬ್ಬದ ತಾತ್ಕಾಲಿಕ ಮಳಿಗೆಯಿಂದ 50 ಮೀಟರ್ ಒಳಗೆ ಪಟಾಕಿ ಹಾರಿಸಬಾರದು ಅಂತ 2008ರ ಸ್ಫೋಟಕ ನಿಯಮಗಳಲ್ಲೇ ಇದೆ. ಹಾಗಂತ ಹಚ್ಚಿ ನೋಡದೆ ಮಾರುವುದೂ ಸರಿಯಲ್ಲ. ಬತ್ತಿ ಸರ್ರನೆ ಓಡುವ ಹೂಕುಂಡದ ಬಾಕ್ಸ್ ಒಂದು ಕೈ ತಪ್ಪಿ ಮಾರಾಟವಾದರೆ ಸುಡುವುದು ಯಾರದೋ ಮಗುವಿನ ಮುಖ.

ಹಾಗಾದರೆ ಎಲ್ಲಿ, ಯಾವಾಗ, ಯಾರು ಹಚ್ಚಬೇಕು? ಇಲ್ಲಿ ಹೇಳುವುದೆಲ್ಲ ಒಂದು ಮಾತಿನ ಸುತ್ತಲೇ ಇದೆ: ಮಾಲು ಬೇರೆ, ಬೆಂಕಿ ಬೇರೆ. ಎರಡರ ಜಾಗ ಬೇರೆ, ಹೊತ್ತು ಬೇರೆ, ಕೈ ಕೂಡ ಬೇರೆ. ಲೈಸೆನ್ಸ್ ಇರುವ ಅಂಗಡಿಯವರು, ಹಮಾಲರು, ಸೀಸನ್ನಿಗೆ ಕೆಲಸಕ್ಕೆ ಬರುವ ಹುಡುಗರು, ಊರ ಜಾತ್ರೆಯಲ್ಲಿ ಮದ್ದು ಸುಡಿಸುವ ಕಮಿಟಿಯವರು, ಇಷ್ಟು ಜನಕ್ಕೆ ಈ ಬರಹ. ಮದ್ದು ಕಲಸುವ, ತುಂಬುವ ವಿಷಯ ಇದರಲ್ಲಿ ಇಲ್ಲ. ಅದು ಲೈಸೆನ್ಸ್ ಪಡೆದ ಕಾರ್ಖಾನೆಯ ಕೆಲಸ, ಹೊಲದ ಗುಡಿಸಲಿನಲ್ಲಿ ಮಾಡುವಂಥದ್ದಲ್ಲ.

ಮೊದಲು ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ಹಬ್ಬದ ಮಳಿಗೆಗೆ ಲೈಸೆನ್ಸ್ ಕೊಡುವುದು ಜಿಲ್ಲಾಡಳಿತ. ಅದರಲ್ಲಿ ಎಷ್ಟು ಕಿಲೋ ಅಂತ ಬರೆದಿದೆಯೋ ಅಷ್ಟೇ ಇಡಬೇಕು. "ಸ್ವಲ್ಪ" ಅಂತ ಮನೆ ಮಾಳಿಗೆ ಮೇಲೆ, ಗುಡಿ ಹಿಂದಿನ ಕೋಣೆಯಲ್ಲಿ ಇಟ್ಟರೆ ಆ ಜಾಗ ಲೈಸೆನ್ಸ್ ಇಲ್ಲದ ಗೋದಾಮು ಆಗುತ್ತದೆ. ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಬಿಡಬೇಕು, ಎದುರುಬದುರು ಕಟ್ಟಬಾರದು, ಒಂದೇ ಕಡೆ 50ಕ್ಕಿಂತ ಜಾಸ್ತಿ ಇರಬಾರದು. 18 ವರ್ಷದ ಒಳಗಿನವರನ್ನು ಈ ಕೆಲಸಕ್ಕೆ ಹಚ್ಚುವಂತಿಲ್ಲ. ಅಣ್ಣನ ಮಗ, ಅಕ್ಕನ ಮಗ ಅಂದರೂ ಅಷ್ಟೇ.

ಜಾತ್ರೆ ಕಮಿಟಿಯವರಿಗೆ ಒಂದು ಮಾತು. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದ ಮೇಲೆ, ಮದುವೆ, ರಾಜಕೀಯ ಕಾರ್ಯಕ್ರಮ, ಗಣೇಶ ಮೆರವಣಿಗೆಗಳಲ್ಲಿ ಪಟಾಕಿ ಬೇಡ ಅಂತ ರಾಜ್ಯ ಸರ್ಕಾರ ಘೋಷಿಸಿತು. "ನಮ್ಮೂರಾಗ ಮೊದಲಿಂದ ನಡ್ಕೊಂಡು ಬಂದದ" ಅನ್ನುವುದು ಅನುಮತಿ ಅಲ್ಲ. ಬರಹದಲ್ಲಿ ಅನುಮತಿ ಕೈಗೆ ಬಂದ ಮೇಲೆ ಮದ್ದಿನವರಿಗೆ ಮುಂಗಡ ಕೊಡಿ.

ಲಾರಿ ಬಂದ ದಿನ

ಅತ್ತಿಬೆಲೆಯಲ್ಲಿ ಬೆಂಕಿ ಹೊತ್ತಿದ್ದು ಪಟಾಕಿ ಹಾರಿಸುವಾಗ ಅಲ್ಲ, ವಾಹನದಿಂದ ಮಾಲು ಇಳಿಸುವಾಗ. ಸತ್ತವರಲ್ಲಿ ಹಲವರು ತಮಿಳುನಾಡಿನಿಂದ ಹಬ್ಬದ ಸೀಸನ್ನಿಗೆ ದುಡಿಯಲು ಬಂದಿದ್ದ ಯುವಕರು. ಇಳಿಸುವ ಕೆಲಸವನ್ನು ನಾವು ಕೆಲಸ ಅಂತಲೇ ಲೆಕ್ಕ ಹಾಕುವುದಿಲ್ಲ, ಗಡಿಬಿಡಿಯಲ್ಲಿ ಮುಗಿಸುತ್ತೇವೆ. ನನ್ನ ಪ್ರಕಾರ ಜಾಸ್ತಿ ಹುಷಾರಾಗಿರಬೇಕಾದ ಹೊತ್ತು ಇದೇ.

ಲಾರಿ, ಟಂಟಂ ಏನೇ ಇರಲಿ, ಮೊದಲು ಇಂಜಿನ್ ಬಂದ್ ಮಾಡಿಸಿ. ಚಕ್ರಕ್ಕೆ ಕಟ್ಟಿಗೆ ಅಡ್ಡ ಕೊಡಿ. ಬೀಡಿ, ಕಡ್ಡಿಪೆಟ್ಟಿಗೆ, ಲೈಟರ್, ಮೊಬೈಲ್ ಎಲ್ಲ ಹೊರಗೆ ಒಂದು ಡಬ್ಬಿಯಲ್ಲಿ ಹಾಕಿಸಿಕೊಳ್ಳಿ. ಮಾಲೀಕರ ಮೊಬೈಲ್ ಕೂಡ ಅದರಲ್ಲೇ ಇರಲಿ, ಇಲ್ಲದಿದ್ದರೆ ಹುಡುಗರು ನಿಮ್ಮ ಮಾತು ಕೇಳುವುದಿಲ್ಲ. ಹಗಲಲ್ಲೇ ಇಳಿಸಿ.

ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ತೊಗರಿ ಚೀಲ ಎತ್ತಿ ರೂಢಿ ಇರುವ ಹಮಾಲರಿಗೆ ಕೊಕ್ಕೆ ಕೈಯಲ್ಲೇ ಇರುತ್ತದೆ. ಇಲ್ಲಿ ಕೊಕ್ಕೆ ಬೇಡ ಅಂತ ಮೊದಲೇ ಹೇಳಿ. ಕಾರ್ಟನ್ ಎಸೆಯುವುದು, ನೆಲಕ್ಕೆ ಎಳೆಯುವುದು, ಬೆನ್ನ ಮೇಲಿಂದ ಧೊಪ್ಪನೆ ಹಾಕುವುದು ಯಾವುದೂ ನಡೆಯಬಾರದು. ಒಬ್ಬರಿಗೆ ಒಂದು ಕಾರ್ಟನ್, ಎರಡು ಕೈ. ಲೆಕ್ಕದ ಮೇಲೆ ಕೂಲಿ ಕೊಟ್ಟರೆ ಓಡಾಡುತ್ತಾರೆ, ದಿನದ ಕೂಲಿ ಕೊಟ್ಟರೆ ನಿಧಾನಕ್ಕೆ ಮಾಡುತ್ತಾರೆ. ಈ ಒಂದು ದಿನಕ್ಕೆ ದಿನಗೂಲಿಯೇ ಒಳ್ಳೆಯದು.

ಹರಿದ ಕಾರ್ಟನ್ ಸಿಕ್ಕರೆ? ತಳದಲ್ಲಿ ಬೂದು ಬಣ್ಣದ, ಬೆರಳಿಗೆ ಬೆಳ್ಳಿಯಂತೆ ಅಂಟುವ ಪುಡಿ ಕಾಣುತ್ತದೆ. ಅದರಲ್ಲಿ ಅಲ್ಯೂಮಿನಿಯಂ ಇರುತ್ತದೆ. ಚಪ್ಪಲಿ ಕಾಲಲ್ಲಿ ಅದನ್ನು ತಿಕ್ಕಬೇಡಿ, ಒಣ ಪೊರಕೆಯಿಂದ ಗುಡಿಸಬೇಡಿ. ಎಲ್ಲರನ್ನೂ ಹಿಂದಕ್ಕೆ ಕಳಿಸಿ. ಒಬ್ಬರು ಒದ್ದೆ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಬೇಕು, ಆ ಬಟ್ಟೆಯನ್ನು ತೆರೆದ ಬಕೆಟ್‌ನ ತುಂಬ ನೀರಿಗೆ ಹಾಕಬೇಕು. ಅರೆ ಒದ್ದೆ ಇದ್ದರೆ ಅಲ್ಯೂಮಿನಿಯಂ ಮದ್ದು ತಾನೇ ಬಿಸಿಯಾಗಬಹುದು, ಹೈಡ್ರೋಜನ್ ಬಿಡಬಹುದು. ಅದಕ್ಕೇ ಬಕೆಟ್‌ಗೆ ಮುಚ್ಚಳ ಹಾಕಬಾರದು, ನೀರೂ ಕಡಿಮೆ ಇರಬಾರದು. ಒದ್ದೆಯಾದ ಮಾಲನ್ನು ಬಿಸಿಲಿಗೆ ಒಣಗಿಸಿ ಮಾರುವುದು ಬೇಡವೇ ಬೇಡ.

ಲೇಬಲ್ ನೋಡುವುದೂ ಇದೇ ಹೊತ್ತಿಗೆ. ತಯಾರಕರ ಹೆಸರು, ವಿಳಾಸ, ಹಸಿರು ಪಟಾಕಿಯ ಗುರುತು, ಕ್ಯೂಆರ್ ಕೋಡ್ ಇರಬೇಕು. 2018ರ ಸುಪ್ರೀಂ ಕೋರ್ಟ್ ಆದೇಶದಲ್ಲಿ ಬೇರಿಯಂ ಲವಣ ಹಾಕಿದ ಪಟಾಕಿಗೂ ಸರ ಪಟಾಕಿಗೂ ನಿಷೇಧ ಬಿದ್ದಿದೆ. ಗಂಧಕದ ಜೊತೆ ಕ್ಲೋರೇಟ್ ಬೆರೆಸುವುದನ್ನು 1992ರಲ್ಲೇ ನಿಲ್ಲಿಸಲಾಗಿದೆ, ಯಾಕೆಂದರೆ ಆ ಮಿಶ್ರಣ ಸಣ್ಣ ತಿಕ್ಕಾಟಕ್ಕೂ ಹೊತ್ತಿಕೊಳ್ಳುತ್ತದೆ. ಹೆಸರಿಲ್ಲದ, ಸಿಕ್ಕಾಪಟ್ಟೆ ಅಗ್ಗದ ಮಾಲಿನಲ್ಲಿ ಏನಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅಂಥದ್ದನ್ನು "ಒಂದು ಹಚ್ಚಿ ನೋಡೋಣ" ಅನ್ನಬೇಡಿ. ಇಳಿಸಲೇಬೇಡಿ.

ಇನ್ನೊಂದು: ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ರೈಲಿನಲ್ಲಿ ಬ್ಯಾಗಿನೊಳಗೆ ತರುವವರು ಇದ್ದಾರೆ. ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಅದಕ್ಕೆ 3 ವರ್ಷದವರೆಗೆ ಜೈಲು ಆಗಬಹುದು.

ಗೋದಾಮಿನ ಒಳಗೆ

ನಮ್ಮ ಕಡೆ ಬೇಸಿಗೆ 42 ಡಿಗ್ರಿ ದಾಟುವುದು ಹೊಸದೇನಲ್ಲ. ತಗಡಿನ ಶೆಡ್ಡಿನ ಒಳಗೆ ಅದಕ್ಕಿಂತ ಜಾಸ್ತಿ. ಹಬ್ಬದಲ್ಲಿ ಉಳಿದ ಮಾಲನ್ನು ಅಂಥ ಶೆಡ್ಡಿನಲ್ಲಿ ಮುಂದಿನ ಹಬ್ಬದವರೆಗೆ ಇಡುವ ಯೋಚನೆ ಬಿಡಿ. ಹಬ್ಬ ಮುಗಿದ ಕೂಡಲೇ, ಲೈಸೆನ್ಸ್ ಅವಧಿಯೊಳಗೆ, ಕಾಯಂ ಲೈಸೆನ್ಸ್ ಇರುವ ಗೋದಾಮಿಗೆ ವಾಪಸ್ ಕಳಿಸಿ.

ಕಾರ್ಟನ್‌ಗಳನ್ನು ಪರಸಿ ಮೇಲೆ ನೇರ ಇಡಬೇಡಿ, ಕಟ್ಟಿಗೆ ಹಲಗೆ ಮೇಲೆ ಇಡಿ. ಗೋಡೆಗೂ ಮಾಲಿಗೂ ನಡುವೆ ಗಾಳಿ ಆಡಲಿ. ನಡುವಿನ ದಾರಿಯಲ್ಲಿ ಏನೂ ಇರಬಾರದು, ಕುರ್ಚಿ ಕೂಡ. ಬಾಗಿಲು ಹೊರಗೆ ತೆರೆಯುವಂತಿರಲಿ. ದೀಪದ ವೈರ್ ಜೋತಾಡಬಾರದು. ಕಂದೀಲು, ದೇವರ ದೀಪ, ಊದಿನಕಡ್ಡಿ ಒಳಗೆ ಬೇಡ. ಲಕ್ಷ್ಮೀಪೂಜೆ ಅಂಗಡಿಯಲ್ಲೇ ಆಗಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಫೋಟೋಕ್ಕೆ ಹೂವು ಏರಿಸಿ, ಕಾಯಿ ಒಡೆಯಿರಿ, ಆರತಿಯನ್ನು ಮನೆಯಲ್ಲಿ ಮಾಡಿ.

ಬಟ್ಟೆ ಹತ್ತಿಯದ್ದೇ ಇರಲಿ. ಚಳಿಗಾಲದ ಒಣ ಗಾಳಿಯಲ್ಲಿ ಟೆರಿಕಾಟ್ ಅಂಗಿ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಆ ಕಿಡಿ ಚೆಲ್ಲಿದ ಪುಡಿಗೆ ಸಾಕು.

ಹಚ್ಚಿ ನೋಡುವ ಜಾಗ

2024ರ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡಿನ ನೀಲೇಶ್ವರದ ಗುಡಿಯೊಂದರಲ್ಲಿ ಪಟಾಕಿ ಹಾರಿಸುವಾಗ ಕಿಡಿ ಹತ್ತಿರದ ಸಂಗ್ರಹದ ಕೋಣೆಗೆ ಬಿತ್ತು. 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಜೀವ ಕಳೆದುಕೊಂಡರು. ಮಾಲು, ಬೆಂಕಿ, ಜನ ಮೂರೂ ಒಂದೇ ಕಡೆ ಇದ್ದವು. ಜಾಗ ಹುಡುಕುವಾಗ ಇದು ತಲೆಯಲ್ಲಿರಲಿ.

ಬಯಲು ಹೊಲ ಅಂದಕೂಡಲೇ ಒಳ್ಳೆಯ ಜಾಗ ಅಂತಲ್ಲ. ತೊಗರಿ ರಾಶಿ ಆದ ಮೇಲೆ ಬದುವಿನಲ್ಲಿ ತೊಗರಿ ಕಟ್ಟಿಗೆ ಬಿದ್ದಿರುತ್ತದೆ. ಜೋಳದ ಕಣಕಿ ಬಣವಿ ಪಕ್ಕದಲ್ಲೇ ಇರುತ್ತದೆ. ಬೀದರ್, ಆಳಂದ ಕಡೆ ಕಬ್ಬಿನ ರವದಿ. ಜಾತ್ರೆಗಳು ಜಾಸ್ತಿ ಬರುವುದೂ ಇವೆಲ್ಲ ಒಣಗಿ ನಿಂತ ಕಾಲಕ್ಕೇ. ಒಂದು ರಾಕೆಟ್ ಬಣವಿ ಮೇಲೆ ಕೂತರೆ ರೈತನ ವರ್ಷದ ಮೇವು ಹೋಯಿತು. ಸುತ್ತ 100 ಮೀಟರ್‌ವರೆಗೆ ಒಣ ಮೇವು, ದನದ ಕೊಟ್ಟಿಗೆ, ಮನೆ, ಕರೆಂಟ್ ತಂತಿ ಇರದ ಜಾಗ ನೋಡಿ.

ಎರೆ ಹೊಲದ ಬಿರುಕು ಇನ್ನೊಂದು ತಾಪತ್ರಯ. ಹೂಕುಂಡ, ಶಾಟ್ಸ್ ಬಾಕ್ಸ್ (ಒಂದಾದ ಮೇಲೊಂದು ಮೇಲಕ್ಕೆ ಹಾರುವ ಪಟಾಕಿಗಳ ಪೆಟ್ಟಿಗೆ) ಇಟ್ಟ ನೆಲ ಮಟ್ಟಸ ಇಲ್ಲದಿದ್ದರೆ ಮೊದಲ ಏಟಿಗೇ ವಾಲುತ್ತದೆ. ಕಿಡಿ ಬಿರುಕಿನೊಳಗೆ ಇಳಿದರೆ ಕಣ್ಣಿಗೂ ಕಾಣುವುದಿಲ್ಲ. ಕಲ್ಲು ಮಣ್ಣು ಬಡಿದು ಗಟ್ಟಿ ಮಾಡಿದ ಜಾಗ, ಮೇಲೆ ಉಸುಕು ಹಾಸಿ ನೀರು ಚಿಮುಕಿಸಿದ್ದರೆ ಅತ್ಯುತ್ತಮ.

ಆಸ್ಪತ್ರೆ, ಶಾಲೆ, ಕೋರ್ಟ್‌ಗಳ ಸುತ್ತ 100 ಮೀಟರ್ ಶಬ್ದ ನಿಷೇಧದ ವಲಯ, ಅಲ್ಲಿ ಬೇಡ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಎಲ್ಲಿಯೂ ಸದ್ದಿನ ಪಟಾಕಿ ಹಚ್ಚುವಂತಿಲ್ಲ. ಹೇಗೂ ರಾತ್ರಿ ಪರೀಕ್ಷೆಗೆ ಹೊಂದುವುದಿಲ್ಲ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮಾಡಿ: ಹೊತ್ತದೆ ಉಳಿದದ್ದು ಎಲ್ಲಿ ಬಿತ್ತು ಅಂತ ಬೆಳಕಲ್ಲಿ ಕಾಣುತ್ತದೆ. ಬಣ್ಣ ನೋಡಲೇಬೇಕಾದ ಮಾಲಿದ್ದರೆ ಅದನ್ನು ಕೊನೆಗೆ, ಮಬ್ಬುಗತ್ತಲಲ್ಲಿ ಒಂದೆರಡು ಹಚ್ಚಿದರೆ ಸಾಕು. ಧೂಳೆದ್ದು ಸುಳಿಗಾಳಿ ತಿರುಗುತ್ತಿದ್ದರೆ, ಬಾವುಟ ನೆಟ್ಟಗೆ ನಿಂತಿದ್ದರೆ ಆ ದಿನ ಮನೆಗೆ ಹೋಗಿ.

ಸಾಮಾನು ಮತ್ತು ಜನ

ಎರಡು ಡ್ರಮ್ ನೀರು, ನಾಲ್ಕು ಬಕೆಟ್, ಉಸುಕಿನ ಚೀಲ, ಒದ್ದೆ ಗೋಣಿ. ನೀರನ್ನು ಮೊದಲೇ ತುಂಬಿಡಿ. "ಬೋರ್ ಅದ, ಮೋಟಾರ್ ಚಾಲೂ ಮಾಡಿದರಾಯ್ತು" ಅನ್ನುವುದನ್ನು ನಂಬಬೇಡಿ, ಕರೆಂಟ್ ಯಾವಾಗ ಹೋಗುತ್ತದೆ ಅಂತ ಯಾರಿಗೆ ಗೊತ್ತು?

ಹಚ್ಚುವವರಿಗೆ ಗಟ್ಟಿ ಪಾಲಿಕಾರ್ಬೊನೇಟ್ ಕನ್ನಡಕ, ತಲೆಗೆ ಹೆಲ್ಮೆಟ್, ತುಂಬು ತೋಳಿನ ಹತ್ತಿ ಅಂಗಿ, ಚರ್ಮದ ಬೂಟು, ಕಿವಿಗೆ ಇಯರ್ ಮಫ್. ಚಪ್ಪಲಿಯಲ್ಲಿ ಬಂದವರನ್ನು ಹಚ್ಚಲು ಬಿಡಬೇಡಿ. ಟವೆಲ್ ಹೆಗಲ ಮೇಲೆ ಇರಬಾರದು, ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿರಬೇಕು. ಕಿವಿ ಮುಚ್ಚುವುದಕ್ಕೆ ಹುಡುಗರು ನಾಚಿಕೊಳ್ಳುತ್ತಾರೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ನಮ್ಮ ದೇಶದ ಮಿತಿ. ಇದು ಮಿತಿಯೊಳಗಿನ ಪಟಾಕಿಯ ಸದ್ದು. ಒಂದಾದ ಮೇಲೊಂದು ಹಚ್ಚುವವರ ಕಿವಿಗೆ ಅದೂ ಜಾಸ್ತಿಯೇ.

ಮೂರು ಜನ ಬೇಕು, ಮೂವರ ಕೆಲಸವೂ ಬೇರೆ. ಒಬ್ಬರು ಮಾಲಿನ ಪೆಟ್ಟಿಗೆ ಹತ್ತಿರ, ಗಾಳಿ ಬೀಸಿ ಬರುವ ದಿಕ್ಕಿನಲ್ಲಿ, ಕನಿಷ್ಠ 30 ಮೀಟರ್ ದೂರ. ಅವರ ಕೈಯಲ್ಲಿ ಬೆಂಕಿ ಇರಬಾರದು. ಒಬ್ಬರು ಹಚ್ಚುವವರು. ಅವರ ಜೇಬಲ್ಲಿ ಒಂದು ಪಟಾಕಿಯೂ ಇರಬಾರದು. ಮೂರನೆಯವರು ಕಾಯುವವರು, ಸುತ್ತ ಕಣ್ಣಿಟ್ಟು "ಹಚ್ಚು" ಅಥವಾ "ನಿಲ್ಲು" ಅಂತ ಹೇಳುವವರು. ಅವರು "ನಿಲ್ಲು" ಅಂದರೆ ಸಾವ್ಕಾರರೂ ನಿಲ್ಲಬೇಕು. ಕುಡಿದು ಬಂದವರು ಈ ಮೂವರಲ್ಲಿ ಇರಬಾರದು ಅಂತ ಬೇರೆ ಹೇಳಬೇಕಾ?

ಹಚ್ಚುವ ಕ್ರಮ

ಒಂದು ಬ್ಯಾಚಿನಿಂದ ಮೂರು ಪೀಸ್ ಸಾಕು. ಬೇರೆ ಬೇರೆ ಕಾರ್ಟನ್‌ನಿಂದ ತೆಗೆದು, ಮುಚ್ಚಳದ ಪೆಟ್ಟಿಗೆಯಲ್ಲಿ ಒಯ್ಯಿರಿ. ಹಚ್ಚುವ ಮೊದಲು ಕೈಯಲ್ಲಿ ಹಿಡಿದು ನೋಡಿ: ಬತ್ತಿ ಸಡಿಲ ಇದೆಯಾ, ಮುರಿದಿದೆಯಾ, ಹೂಕುಂಡದ ತಳದ ಮಣ್ಣು ಬಿರುಕು ಬಿಟ್ಟಿದೆಯಾ, ರಾಕೆಟ್ ಕಡ್ಡಿ ಸೊಟ್ಟ ಇದೆಯಾ, ಕಾಗದ ತಂಪು ಹಿಡಿದಿದೆಯಾ. ದೋಷ ಕಂಡದ್ದನ್ನು ಹಚ್ಚಬೇಡಿ, ಅದು ಪರೀಕ್ಷೆಗೂ ಲಾಯಕ್ಕಲ್ಲ.

ಮಾಲಿನವರು ಒಂದು ಪೀಸ್ ಕೊಟ್ಟು ಮುಚ್ಚಳ ಹಾಕುತ್ತಾರೆ. ಮುಚ್ಚಳ ಬಿದ್ದ ಮೇಲೆಯೇ ಊದಿನಕಡ್ಡಿ ಹೊತ್ತಿಸಬೇಕು. ಉದ್ದನೆಯ ಕಡ್ಡಿಯನ್ನು ಒಂದು ಮೀಟರ್ ಕೋಲಿಗೆ ಕಟ್ಟಿಕೊಳ್ಳಿ. ಲೈಟರ್, ಕಡ್ಡಿಪೆಟ್ಟಿಗೆ ಬೇಡ, ಅವು ಕೈಯನ್ನು ಬತ್ತಿಗೆ ತೀರಾ ಹತ್ತಿರ ಒಯ್ಯುತ್ತವೆ. ಪಟಾಕಿಯನ್ನು ನೆಲಕ್ಕಿಟ್ಟು, ಪಕ್ಕಕ್ಕೆ ಬನ್ನಿ. ಮುಖ ಅದರ ಮೇಲೆ ಬರಬಾರದು. ಬಾಗಬೇಡಿ, ಮೊಣಕಾಲು ಮಡಚಿ, ಕೈ ಚಾಚಿ, ಬತ್ತಿಯ ತುದಿಗೆ ತಾಗಿಸಿ. ಕಿಡಿ ಹಿಡಿಯಿತು ಅಂತ ಕಂಡ ಕೂಡಲೇ ಹಿಂದೆ ಸರಿಯಿರಿ. ಎಡವುವಂತೆ ಓಡಬೇಡಿ, ಹೋಗುವ ದಾರಿಯಲ್ಲಿ ಕಲ್ಲು, ಕೂಳೆ ಇದೆಯಾ ಅಂತ ಮೊದಲೇ ನೋಡಿಟ್ಟಿರಿ.

ಕಾಯುವವರು ಬತ್ತಿ ಹೊತ್ತಿದ್ದರಿಂದ ಸಿಡಿಯುವವರೆಗೆ ಸೆಕೆಂಡ್ ಎಣಿಸಲಿ. ಅಮೆರಿಕದ ನಿಯಮದಲ್ಲಿ ಬತ್ತಿ 3ರಿಂದ 9 ಸೆಕೆಂಡ್ ಉರಿಯಬೇಕು. ನಮಗೂ ಅದು ಒಳ್ಳೆಯ ಅಳತೆ. ಮೂರರಲ್ಲಿ ಒಂದು ಪೀಸ್ 3 ಸೆಕೆಂಡಿಗಿಂತ ಬೇಗ ಸಿಡಿದರೂ ಆ ಬ್ಯಾಚ್ ಮಾರಬೇಡಿ. ನೋಟ್‌ಬುಕ್‌ನಲ್ಲಿ ಅಲ್ಲೇ ಬರೆಯಿರಿ: "ಹೂಕುಂಡ ದೊಡ್ಡದು, ಬ್ಯಾಚ್ ನಂಬರ್ ಇಂಥದ್ದು, ಬತ್ತಿ 5, 4, 2 ಸೆಕೆಂಡ್, ಮೂರನೆಯದು ತಳದಿಂದ ಸೀಳಿತು, ವಾಪಸ್." ಸಪ್ಲೈಯರ್ ಜೊತೆ ಮಾತಾಡುವಾಗ ಈ ಒಂದು ಸಾಲು ನಿಮ್ಮ ಬಾಯಿ ಮಾತಿಗಿಂತ ಗಟ್ಟಿ.

ಶಾಟ್ಸ್ ಬಾಕ್ಸಿಗೆ ನಾಲ್ಕೂ ಕಡೆ ಉಸುಕಿನ ಚೀಲ ಒತ್ತಿಡಿ. ಕಲ್ಲು, ಇಟ್ಟಿಗೆ, ಒಡೆದ ಶಹಾಬಾದ್ ಪರಸಿ ತುಂಡು ಆನಿಸಿಡುವುದನ್ನು ಜಾಸ್ತಿ ನೋಡುತ್ತೇವೆ. ಬಾಕ್ಸ್ ಒಡೆದರೆ ಆ ತುಂಡುಗಳೇ ಹಾರಿ ಬರುತ್ತವೆ. ರಾಕೆಟ್ಟನ್ನು ಬಾಟಲಿಯಲ್ಲಿ ಇಟ್ಟು ಹಾರಿಸುವುದೂ ಇದೇ ಜಾತಿಯ ತಪ್ಪು. ನೆಲದಲ್ಲಿ ನೆಟ್ಟ ಪೈಪಿನಲ್ಲಿ, ಜನರಿಲ್ಲದ ಕಡೆಗೆ ಸ್ವಲ್ಪ ವಾಲಿಸಿ ಇಡಿ.

ಜಾತ್ರೆಯ ಶೆಲ್ಲು, ಪೈಪು

ಶೆಲ್ಲು ಅಂದರೆ ಪೈಪಿನಿಂದ ಮೇಲಕ್ಕೆ ಹಾರಿ ಆಕಾಶದಲ್ಲಿ ಸಿಡಿಯುವ ದೊಡ್ಡ ಪಟಾಕಿ. ಅದನ್ನು ಹಾರಿಸುವುದು ತರಬೇತಿ, ಲೈಸೆನ್ಸ್ ಇರುವವರ ಕೆಲಸ. ಕಮಿಟಿಯವರು ಹಚ್ಚಬಾರದು, ಆದರೆ ನೋಡಿ ಕೇಳಬೇಕು. ಪೈಪು ಪಿವಿಸಿ ಆಗಿದ್ದರೆ ನಿಲ್ಲಿಸಿ. ಅದು ಚೂಪು ಚೂರಾಗಿ ಸಿಡಿಯುತ್ತದೆ, ಮೈಗೆ ಹೊಕ್ಕ ಚೂರು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಎಚ್‌ಡಿಪಿಇ (ಪಾಲಿಥೀನ್ ಜಾತಿಯ ಪ್ಲಾಸ್ಟಿಕ್) ಪೈಪು ಇರಲಿ, ಉದ್ದದ ಮೂರರಲ್ಲಿ ಎರಡು ಪಾಲು ಉಸುಕಿನಲ್ಲಿ ಹೂತಿರಬೇಕು. ಜನರ ದೂರಕ್ಕೆ ಅಮೆರಿಕದವರ ಒಂದು ಸುಲಭ ಲೆಕ್ಕ ಇದೆ: ಶೆಲ್ಲಿನ ಅಡ್ಡಗಲ ಒಂದು ಇಂಚಿಗೆ 70 ಅಡಿ. 3 ಇಂಚಿನ ಶೆಲ್ಲಿಗೆ 210 ಅಡಿ, ಅಂದರೆ ಸುಮಾರು 64 ಮೀಟರ್. 4 ಇಂಚಿಗೆ 85 ಮೀಟರ್. ನಿಮ್ಮ ಗುಡಿ ಅಂಗಳದಲ್ಲಿ ಅಷ್ಟು ಜಾಗ ಇಲ್ಲವಾ? ಹಾಗಾದರೆ ಆ ಸೈಜು ನಿಮ್ಮ ಊರಿಗಲ್ಲ.

ಬತ್ತಿಯ ಬಗ್ಗೆ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಬರಿಯ ಮದ್ದಿನ ದಾರ ನಿಧಾನಕ್ಕೆ ಉರಿಯುತ್ತದೆ. ಅದೇ ದಾರವನ್ನು ಕಾಗದದ ಕೊಳವೆಯೊಳಗೆ ಹಾಕಿದರೆ ಬೆಂಕಿ ಸೆಕೆಂಡಿಗೆ ಹತ್ತಾರು ಅಡಿ ಓಡುತ್ತದೆ. ಶೆಲ್ಲಿನ ಬತ್ತಿ ಇಂಥದ್ದು. ಕೊಳವೆಯ ತುದಿಯಲ್ಲಿ ಬಿಟ್ಟ ಬರಿ ದಾರ ಮಾತ್ರ ಹಚ್ಚುವವರಿಗೆ ಸಿಗುವ ಹೊತ್ತು. ಅದು ಉದುರಿ ಹೋಗಿದ್ದರೆ ಹಚ್ಚಬಾರದು.

ಠುಸ್ ಆದರೆ

ಅಪಘಾತ ಜಾಸ್ತಿ ಆಗುವುದು ಸಿಡಿದ ಪಟಾಕಿಯಿಂದಲ್ಲ, ಸಿಡಿಯದೆ ಸುಮ್ನೆ ಬಿದ್ದದ್ದರಿಂದ ಅಂತ ನನಗೆ ಅನ್ನಿಸುತ್ತದೆ. ಬತ್ತಿ ಕಪ್ಪಾಗಿ, ಹೊಗೆ ನಿಂತು, ತಣ್ಣಗೆ ಕಾಣುತ್ತದೆ. ಒಳಗೆ ಕಾಗದದ ಮಡಿಕೆಯಲ್ಲಿ ಒಂದು ಕೆಂಡ ಮೆಲ್ಲಗೆ ತೆವಳುತ್ತಾ ಇರಬಹುದು. ಹುಡುಗ ಹೋಗಿ ಬಗ್ಗಿ ಊದುತ್ತಾನೆ, ಕಾಲಲ್ಲಿ ಒದೆಯುತ್ತಾನೆ. ಅಷ್ಟಕ್ಕೇ ಕೆಂಡಕ್ಕೆ ಗಾಳಿ ಸಿಗುತ್ತದೆ.

ಕನಿಷ್ಠ 20 ನಿಮಿಷ ಯಾರೂ ಹತ್ತಿರ ಹೋಗಬೇಡಿ. ಶೆಲ್ ಪೈಪಿನೊಳಗೇ ಉಳಿದಿದ್ದರೆ ಅರ್ಧ ಗಂಟೆ. ಗಡಿಯಾರ ನೋಡಿ, ಅಂದಾಜು ಬೇಡ. ಆಮೇಲೆ ಒಬ್ಬರೇ, ಕನ್ನಡಕ ಹಾಕಿ, ಪಕ್ಕದಿಂದ ಬಂದು ಉದ್ದ ಹಿಡಿಕೆಯ ಪಾತ್ರೆಯಿಂದ ನೀರು ಹೊಯ್ಯಬೇಕು. ಮತ್ತೆ ಬತ್ತಿ ಸೇರಿಸಿ ಹಚ್ಚುವುದು, ಬಿಚ್ಚಿ ನೋಡುವುದು, ಮದ್ದು ಸುರಿದು ಕಾಗದದಲ್ಲಿ ಸುಡುವುದು ಯಾವುದೂ ಇಲ್ಲ. ಸಣ್ಣವನ್ನು ತೆರೆದ ಬಕೆಟ್ ನೀರಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಸಿಡಿಯದ ದೊಡ್ಡ ಶೆಲ್ಲಿಗೆ ನೀರು ಹಾಕಿ, ಸುತ್ತ ಹಗ್ಗ ಕಟ್ಟಿ, ಪೊಲೀಸರಿಗೆ ತಿಳಿಸಿ. ಪೈಪು ಉಲ್ಟಾ ಮಾಡಿ ಉರುಳಿಸಬೇಡಿ. ಪೈಪಿನ ಬಾಯಿ ಮೇಲೆ ಕೈ, ತಲೆ ಬರಲೇಬಾರದು.

ಬೆಂಕಿ ಬಿದ್ದರೆ, ಮೈ ಸುಟ್ಟರೆ

ಪಟಾಕಿ ಉರಿಯಲು ಹೊರಗಿನ ಗಾಳಿ ಬೇಕಿಲ್ಲ, ಆಮ್ಲಜನಕ ಕೊಡುವ ವಸ್ತು ಮದ್ದಿನಲ್ಲೇ ಇರುತ್ತದೆ. ಅದಕ್ಕೇ ಕಂಬಳಿ ಹೊದಿಸಿ, ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಹೊಡೆದು ಅದನ್ನು ಉಸಿರುಗಟ್ಟಿಸಲು ಆಗುವುದಿಲ್ಲ. ಬೆಂಕಿ ಇನ್ನೂ ರಟ್ಟಿನಲ್ಲಿ, ಹುಲ್ಲಿನಲ್ಲಿ ಇದ್ದರೆ ನೀರು ಹೊಯ್ಯಿರಿ. ಮಾಲಿಗೆ ತಾಗಿತು ಅಂದರೆ ಬಕೆಟ್ ಅಲ್ಲೇ ಬಿಟ್ಟು ಓಡಿ, ಉಳಿದವರನ್ನೂ ಕೂಗಿ ಓಡಿಸಿ. ಗಲ್ಲಾಪೆಟ್ಟಿಗೆ ತರಲು ಒಳಗೆ ಹೋಗಬೇಡಿ. ದೂರ ಹೋಗಿ 101 ಅಥವಾ 112ಕ್ಕೆ ಫೋನ್ ಮಾಡಿ, ಒಳಗೆ ಪಟಾಕಿ ಇದೆ ಅಂತ ಮೊದಲೇ ಹೇಳಿ.

ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು, 20 ನಿಮಿಷ. ಅಷ್ಟು ಹೊತ್ತು ಹಿಡಿಯುವುದು ಕಷ್ಟ, ಆದರೂ ಹಿಡಿಯಿರಿ. ಉಂಗುರ, ಬಳೆ, ಗಡಿಯಾರ ಊದಿಕೊಳ್ಳುವ ಮೊದಲೇ ತೆಗೆಯಿರಿ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಟೂತ್‌ಪೇಸ್ಟ್, ತುಪ್ಪ, ಅರಿಶಿನ, ಮಸಿ ಹಚ್ಚಬೇಡಿ, ಮಂಜುಗಡ್ಡೆಯೂ ಬೇಡ. ಶುಭ್ರ ಹತ್ತಿ ಬಟ್ಟೆ ಸಡಿಲಾಗಿ ಹೊದಿಸಿ 108 ಕರೆಯಿರಿ. ಕಣ್ಣಿಗೆ ಏಟು ಬಿದ್ದರೆ ಉಜ್ಜಬಾರದು, ಒತ್ತಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು. ಕಾಗದದ ಕಪ್ಪಿನ ತಳವನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಅಂಟಿಸಿ ಕರೆದೊಯ್ಯಿರಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ. ಹಳ್ಳಿಯ ಜಾತ್ರೆಯಾದರೆ ವಾಹನ, ಡ್ರೈವರ್ ಯಾರು ಅಂತ ಮೊದಲೇ ಗೊತ್ತು ಮಾಡಿಡಿ.

ಮರುದಿನ

ಬೆಳಕು ಹರಿದ ಕೂಡಲೇ ಹೋಗಿ. ಹೊತ್ತದ ಪಟಾಕಿ ಆರಿಸಿಕೊಳ್ಳಲು ಊರ ಹುಡುಗರು ಶಾಲೆಗೆ ಮುಂಚೆ ಬರುತ್ತಾರೆ, ನೀವು ಅವರಿಗಿಂತ ಮೊದಲು ಅಲ್ಲಿರಬೇಕು. ಸಾಲಾಗಿ ನಿಂತು ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ, ಗಾಳಿ ಹೋದ ದಿಕ್ಕಿನಲ್ಲಿ ಇನ್ನಷ್ಟು ದೂರ ನೋಡಿ. ಸಿಕ್ಕ ಸಣ್ಣ ಪಟಾಕಿಗಳನ್ನು ಜೇಬಿಗಲ್ಲ, ನೀರಿನ ಬಕೆಟ್‌ಗೆ ಹಾಕಿ. ಶೆಲ್ ಕಂಡರೆ ಮುಟ್ಟದೆ ಪೊಲೀಸರನ್ನು ಕರೆಯಿರಿ. ಬಣವಿ ಸಂದಿ, ಬದುವಿನ ಹುಲ್ಲು, ಎರೆ ಬಿರುಕು ಇವನ್ನು ಎರಡು ಸಲ ನೋಡಿ. ಹೊಲದವರನ್ನೂ ಜೊತೆಗೆ ಕರೆದುಕೊಳ್ಳಿ, ಮುಂದಿನ ವರ್ಷವೂ ಅವರ ಹೊಲವೇ ಬೇಕಲ್ವಾ?